ನೀಲಿ ಗಾಡಿಯ ಸೌದಾ

ಅಫಜಲಪುರದ ದನದ ಸಂತೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದ ಚಂದ್ರಾಮಪ್ಪ ಒಂದಾದರೂ ಎತ್ತನ್ನು ಹೊಗಳಿದ್ದನ್ನು ಕೇಳಿದವರು ಆ ಊರಲ್ಲಿ ಸಿಗುವುದಿಲ್ಲ. ನಾಲ್ಕು ಹಲ್ಲಿನ ಪ್ರಾಯದ ಹೋರಿಯ ಬಾಯಿ ಬಿಡಿಸಿ ನೋಡಿ ‘ಮುದುಕ’ ಅನ್ನುತ್ತಿದ್ದ. ಕಂಬದಂಥ ಕಾಲಿನ ಎತ್ತನ್ನು ಹತ್ತು ಹೆಜ್ಜೆ ನಡೆಸಿ ‘ಕುಂಟ್ತದ’ ಅನ್ನುತ್ತಿದ್ದ. ಮೈಮೇಲಿನ ಸುಳಿ ಎಲ್ಲಿದ್ದರೂ ಅದು ಇರಬಾರದ ಜಾಗದಲ್ಲೇ ಇದೆ ಅನ್ನುತ್ತಿದ್ದ. ಎತ್ತು ಎಷ್ಟು ಒಳ್ಳೆಯದೋ ಅವನ ಬಾಯಿ ಅಷ್ಟು ಕೆಟ್ಟದು. ಇದು ಮಾರುವವರಿಗೂ ಗೊತ್ತಿತ್ತು. ಅವನು ಏನೂ ಅನ್ನದೆ ದಾಟಿಹೋದ ಎತ್ತಿನ ಯಜಮಾನ, ಇವತ್ತು ಇದು ಹೋಗುವ ಮಾತಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಬುತ್ತಿ ಬಿಚ್ಚುತ್ತಿದ್ದ.

ಐಬು ಹೇಳಿ ಮುಗಿದ ಮೇಲೆ ಟಾವೆಲ್ಲಿನ ಮರೆಯಲ್ಲಿ ಕೈ ಕೂಡಿಸಿ, ಬೆರಳು ಹಿಡಿದು ಬೆಲೆ ತಿಳಿಸಬೇಕು. ಬೆಲೆ ಹೊಂದದಿದ್ದರೆ ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದು ನಡೆಯಬೇಕು. ಹತ್ತು ಹೆಜ್ಜೆ ಹೋಗುವುದರೊಳಗೆ ಮಾರುವವನು ಕರೆಯುತ್ತಾನೆ. ತಿರುಗಿ ಬಂದು ಇನ್ನೊಂದು ಐಬು ಹೇಳಿ ಮತ್ತೆ ಎದ್ದು ನಡೆಯಬೇಕು. ಮೂರನೆಯ ಸಲ ಕರೆದನೆಂದರೆ ಸೌದಾ ಆದ ಹಾಗೆಯೇ. ‘ಎದ್ದಾಂವ ಗೆದ್ದಾಂವ’ ಅನ್ನುವುದು ಚಂದ್ರಾಮಪ್ಪನ ಮಾತಾಗಿತ್ತು.

ಈ ಚಾಳಿ ಸಂತೆಯಲ್ಲೇ ಉಳಿದಿದ್ದರೆ ನಡೆಯುತ್ತಿತ್ತು. ಅದು ಮನೆಗೂ ಬಂತು. ಹೆಣ್ಣು ನೋಡಲು ಹೋದಾಗ ಶಿವಕಾಂತಾ ತಂದುಕೊಟ್ಟ ಚಾ ಕುಡಿದು, ನೀರಾಗಿದೆ ಅಂದು ಎದ್ದುಬಿಟ್ಟನಂತೆ. ಅವಳ ತಂದೆ ಬಾಗಿಲತನಕ ಬಂದು ರಟ್ಟೆ ಹಿಡಿದು ಕೂರಿಸಿದನಂತೆ. “ನಮ್ಮಪ್ಪ ಕರೀದಿದ್ರ ಇವ್ರು ಬಸ್ ಸ್ಟ್ಯಾಂಡಿನಾಗ ಕುಂತು ಅಳತಿದ್ರು ನೋಡ್ರಿ” ಎಂದು ಶಿವಕಾಂತಾ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಚಂದ್ರಾಮಪ್ಪ ಇಲ್ಲ ಅನ್ನುವುದಿಲ್ಲ.

ಒಬ್ಬಳೇ ಮಗಳು ಶಾಂಭವಿ. ಹತ್ತನೆಯದರಲ್ಲಿ ತಾಲೂಕಿಗೇ ಎರಡನೆಯವಳಾಗಿ ಬಂದಾಗ ಅಪ್ಪ ಅಂಕಪಟ್ಟಿಯನ್ನು ಎತ್ತಿನ ಬಾಯಿ ನೋಡಿದ ಹಾಗೆ ನೋಡಿ, ಇಂಗ್ಲಿಷಿನಲ್ಲಿ ಯಾಕೆ ಕಡಿಮೆ ಬಿತ್ತು ಎಂದು ಕೇಳಿದ್ದ. ಹುಡುಗಿ ಅಳಲಿಲ್ಲ. ಅಡುಗೆ ಮನೆಗೆ ಓಡಿಹೋಗಿ, ‘ಅವ್ವಾ, ಅಪ್ಪಗ ಭಾಳ ಖುಷಿ ಆಗ್ಯಾದ’ ಎಂದು ಕುಣಿದಾಡಿದ್ದಳು. ಅಪ್ಪನ ಭಾಷೆ ಅವಳಿಗೆ ತೊಟ್ಟಿಲಲ್ಲೇ ಬಂದಿತ್ತು.

ಅವಳು ಓದಿ ಲ್ಯಾಬ್ ಟೆಕ್ನಿಷಿಯನ್ ಆದಳು. ಅಫಜಲಪುರದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಸಕ್ಕರೆ ಕಾಯಿಲೆಯವರ, ಬಸುರಿಯರ ರಕ್ತ ತೆಗೆದು ಮಧ್ಯಾಹ್ನದೊಳಗೆ ತರಬೇಕು. ನಸುಕಿನ ಬಸ್ಸಿಗೆ ಹೋಗಿ, ರಕ್ತದ ಸೀಸೆಗಳ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಿರುಗಿ ಬರುವ ಬಸ್ಸಿಗೆ ದಾರಿ ಕಾಯುವುದು. ಬಸ್ಸು ತಪ್ಪಿದರೆ ಯಾರದಾದರೂ ಗಾಡಿಯ ಹಿಂದೆ ಕೂತು ಬರುವುದು. ಹೀಗೆ ಮೂರು ವರ್ಷ ಮಾಡಿದಳು.

ಗಾಡಿ ಹೊಡೆಯುವುದು ಅವಳಿಗೆ ಬರುತ್ತಿತ್ತು. ಕಲಿಸಿದವನು ಚಂದ್ರಾಮಪ್ಪನೇ. ಸಂತೆಯಿಲ್ಲದ ದಿನ ಖಾಲಿ ಬಿದ್ದಿರುತ್ತಿದ್ದ ಬಯಲಿನಲ್ಲಿ, ಗೂಟಗಳ ನಡುವೆ, ತನ್ನ ಹಳೆಯ ಮೋಟರ್ ಸೈಕಲ್ಲಿನ ಹಿಂದೆ ಓಡುತ್ತ ಕಲಿಸಿದ್ದ. ಎರಡನೆಯ ದಿನಕ್ಕೇ ಅವಳು ಅವನನ್ನು ಹಿಂದೆ ಬಿಟ್ಟು ಬಯಲು ಸುತ್ತಿ ಬಂದಳು. ‘ಬ್ರೇಕ್ ತಡಾ ಹಿಡದಿ’ ಅಂದಿದ್ದ. ಅವಳು ಹಲ್ಲು ಕಿರಿದಿದ್ದಳು.

ಹಾಗಾಗಿ ಗಾಡಿ ತೊಗೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಯಾರಿಗೂ ಸೋಜಿಗವಾಗಲಿಲ್ಲ. ಫೋನಿನಲ್ಲಿ ಗಾಡಿಯ ಫೋಟೋ ತೋರಿಸಿದಾಗ ಸೋಜಿಗವಾಯಿತು. ಅದು ಸ್ಕೂಟಿ ಅಲ್ಲ. ನೂರೈವತ್ತು ಸಿಸಿಯ ನೀಲಿ ಸ್ಪೋರ್ಟ್ಸ್ ಗಾಡಿ, ಐದು ವರ್ಷ ಹಳೆಯದು. ಮುಂದಿನ ಮೂತಿ ನೆಲಕ್ಕೆ ತಗ್ಗಿ, ಹಿಂದಿನ ಸೀಟು ಮೇಲಕ್ಕೆ ಎದ್ದು, ಹಾಯಲು ನಿಂತ ಹೋರಿಯ ಹಾಗಿತ್ತು. ಹೊಡೆಯುವವರು ಅದರ ಟ್ಯಾಂಕಿನ ಮೇಲೆ ಬಗ್ಗಿ ಕೂರಬೇಕು. ಜೇವರ್ಗಿಯ ಮಸೂದ ಎಂಬ ಹುಡುಗ ಮಾರುವವನಿದ್ದ.

ಡಬ್ಬಿ ಇಡಲು ಜಾಗವಿಲ್ಲ, ಸೀರೆ ಉಟ್ಟವರನ್ನು ಹಿಂದೆ ಕೂರಿಸಲು ಬರುವುದಿಲ್ಲ, ಇದು ಯಾವ ಗಾಡಿ ಎಂದು ಶಿವಕಾಂತಾ ಒಂದೇ ಉಸಿರಿನಲ್ಲಿ ಕೇಳಿದಳು. ಬೆನ್ನಿಗೆ ಹಾಕುವ ಚೀಲ ಬರುತ್ತದೆ, ಸೀಸೆ ಅದರಲ್ಲಿ ಅಲುಗಾಡುವುದಿಲ್ಲ ಎಂದು ಮಗಳು ಅಂದಳು. ಸ್ಕೂಟಿ ಯಾಕೆ ಬೇಡ ಎಂದು ಅವ್ವ ಹಟ ಹಿಡಿದಳು.

“ಸ್ಕೂಟಿ ಕೆಲಸಕ್ಕ ಬೇಕಾಗ್ತದವ್ವಾ. ಇದು ನನಗ ಬೇಕಾಗ್ಯಾದ” ಅಂದಳು ಶಾಂಭವಿ. “ಏಳು ವರ್ಷ ಆತು. ಕಲಬುರಗಿ ಕಾಲೇಜಿನಾಗ ಗೆಳತಿದೊಂದು ಸರ್ತಿ ಹೊಡದಿದ್ನಿ. ಅವತ್ತಿಂದ ಬೇಕನಸ್ತದ, ಅಷ್ಟ.”

ಆಮೇಲೆ ಅಪ್ಪನ ಕಡೆ ತಿರುಗಿದಳು. ಮಸೂದ ಫೋನಿನಲ್ಲಿ ಎಂಬತ್ತೈದು ಸಾವಿರ ಹೇಳಿದ್ದ. ಅವಳು ಕೂಡಿಸಿದ್ದು ಎಪ್ಪತ್ತೆಂಟು. “ಗಾಡಿ ನಾ ನೋಡ್ತೇನಿ. ಸೌದಾ ನೀ ಮಾಡು. ನಿನ್ನಂಗ ಮಾಡೋರು ಯಾರದಾರಪ್ಪಾ?”

ಆ ಮಾತಿಗೆ ಚಂದ್ರಾಮಪ್ಪನ ಎದೆ ಉಬ್ಬಿತು. ಸಂತೆ ಕುಗ್ಗಿ, ಹೊಲಕ್ಕೆಲ್ಲ ಟ್ರ್ಯಾಕ್ಟರ್ ಬಂದು, ಅವನನ್ನು ಕರೆದು ಸೌದಾ ಮಾಡು ಎನ್ನುವವರು ಇಲ್ಲವಾಗಿ ವರ್ಷಗಳಾಗಿದ್ದವು. ಆದರೂ ಒಳಗೆ ಒಂದು ಮುಳ್ಳು ಆಡುತ್ತಿತ್ತು. ಆಳಂದದ ಕಡೆಯ ಒಂದು ಮನೆಯವರು ಮುಂದಿನ ತಿಂಗಳು ಶಾಂಭವಿಯನ್ನು ನೋಡಲು ಬರುವವರಿದ್ದರು. ಅವರು ಬಂದಾಗ ಅಂಗಳದಲ್ಲಿ ಹೋರಿಯಂಥ ಆ ಗಾಡಿ ನಿಂತಿದ್ದರೆ ಏನು ಹೇಳುವುದು ಎಂದು ಶಿವಕಾಂತಾ ರಾತ್ರಿ ಊಟಕ್ಕೆ ಬಡಿಸುವಾಗ ಮೆಲ್ಲಗೆ ಕೇಳಿದಳು. ಚಾದಂಗಡಿಯಲ್ಲಿ ಅವನ ಸಂತೆಯ ಜೊತೆಗಾರ ಗುಡುಸಾಬನೂ, “ಏನಲೇ ಚಂದ್ರಾಮ, ಮಗಳಿಗಿ ಕುದುರಿ ಹುಡುಕಾಕತ್ತೀಯಂತ?” ಅಂದ. ಕೂತವರೆಲ್ಲ ನಕ್ಕರು. ಚಂದ್ರಾಮಪ್ಪನೂ ನಕ್ಕ. ನಕ್ಕಿದ್ದು ಬಾಯಿ ಮಾತ್ರ.

ಭಾನುವಾರ ಅಪ್ಪ ಮಗಳು ಕಲಬುರಗಿಗೆ ಹೋಗಿ, ಬಸ್ಸು ಬದಲಿಸಿ ಜೇವರ್ಗಿಗೆ ಇಳಿದರು. ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ದಾಟಿದರೆ ಮಸೂದನ ಮನೆ. ಮೊಬೈಲ್ ರಿಪೇರಿ ಮಾಡುವ ಹುಡುಗ, ಇಪ್ಪತ್ತೇಳರ ಆಸುಪಾಸು. ಗಾಡಿಯ ಮೇಲೆ ಹಳೆಯ ಚಾದರ ಹೊದಿಸಿ ನೆರಳಿಗೆ ನಿಲ್ಲಿಸಿದ್ದ. ಇಡೀ ದಿನ ಬಗ್ಗಿ ಕೂತು ರಿಪೇರಿ ಮಾಡಿ, ಸಂಜೆ ಬಗ್ಗಿ ಕೂತು ಗಾಡಿ ಹೊಡೆದು ಸೊಂಟ ಹಿಡಿದಿದೆ, ಡಾಕ್ಟರು ಬಿಡು ಅಂದಿದ್ದಾರೆ, ಇಲ್ಲದಿದ್ದರೆ ಮಾರುತ್ತಿರಲಿಲ್ಲ ಎಂದು ತಾನಾಗಿಯೇ ಹೇಳಿದ. ಅವನ ತಾಯಿ ವಜೀರುನ್ನಿಸಾ ಚಾ ತಂದು, ಚಾದರ ತೆಗೆಯುವಾಗ ಮಗನ ಮುಖವನ್ನೇ ನೋಡುತ್ತ ನಿಂತಳು.

ಶಾಂಭವಿ ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ನೋಡುವವರು ಬರುವ ಮುಂಚೆ ಚಾಲೂ ಮಾಡಿ ಬಿಸಿ ಮಾಡಿಟ್ಟರೆ ಒಳಗಿನ ಕೆಮ್ಮು ಕೇಳಿಸುವುದಿಲ್ಲವಂತೆ; ಇವನು ಹಾಗೆ ಮಾಡಿರಲಿಲ್ಲ. ಬಟನ್ ಒತ್ತಿದಳು. ಒಂದೇ ಸಲಕ್ಕೆ ಎದ್ದಿತು. ಚೈನ್ ಎತ್ತಿ ನೋಡಿದಳು, ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದೆಯೇ ಎಂದು ಬೆರಳಾಡಿಸಿದಳು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಳು, ಕಾಗದಪತ್ರ ಓದಿದಳು. ಚಂದ್ರಾಮಪ್ಪ ಹಿಂದೆ ಕೈ ಕಟ್ಟಿಕೊಂಡು ನೋಡುತ್ತಿದ್ದ. ಎತ್ತಿನ ಗೊರಸು ತಾನು ಎತ್ತಿ ನೋಡುತ್ತಿದ್ದ ರೀತಿಯೇ ಅವಳ ಕೈಯಲ್ಲಿತ್ತು. ಗಾಡಿಯ ಬಗ್ಗೆ ಅವನಿಗೆ ಹೆಚ್ಚು ತಿಳಿಯದು. ಆದರೆ ಸಾಕಿದವನ ಕೈ ಎಂಥದೆಂದು ತಿಳಿಯುತ್ತದೆ. ಇದು ಮುದ್ದಿನಿಂದ ಸಾಕಿದ ಜೀವ ಎಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಶಾಂಭವಿ ಹೆಲ್ಮೆಟ್ ಹಾಕಿ ವಿಜಯಪುರದ ರಸ್ತೆಯ ಕಡೆ ಹೋದಳು. ಹತ್ತು ನಿಮಿಷಕ್ಕೆ ತಿರುಗಿ ಬಂದಳು. ಹೆಲ್ಮೆಟ್ ತೆಗೆದಾಗ ಅವಳ ಮುಖ ಕಂಡಿತು.

ಆ ಮುಖವನ್ನು ಹೇಗೆ ಹೇಳುವುದು? ನಲವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಮಾರುವವನ ಮುಂದೆ ಅಂಥ ಮುಖ ತೋರಿಸಿದ್ದನ್ನು ಚಂದ್ರಾಮಪ್ಪ ಕಂಡಿರಲಿಲ್ಲ. ಎಲ್ಲ ಅಲ್ಲೇ ಬರೆದಿತ್ತು. ಸಂತೋಷವಾಗಬೇಕಾಗಿದ್ದ ಅಪ್ಪನಿಗೆ ದಲಾಲಿಯ ಸಿಟ್ಟು ಬಂತು. ಹುಡುಗಿ ಸೌದಾ ಕೆಡಿಸಿದಳಲ್ಲ, ಇನ್ನು ಇವನು ಒಂದು ರೂಪಾಯಿ ಇಳಿಯುತ್ತಾನೆಯೇ ಎಂದು ಲೆಕ್ಕ ಹಾಕಿ, ಆ ಮುಖವನ್ನು ಮುಚ್ಚಬೇಕೆಂದು ಬಾಯಿ ತೆರೆದ.

ಟೈರು ಸವೆದಿದೆ ಅಂದ. ಎಡಗಡೆ ಗೀರಿದೆ ಅಂದ. ಸದ್ದು ಒಡಕಾಗಿದೆ ಅಂದ. ಟೈರು ಹೋದ ವರ್ಷ ಹಾಕಿಸಿದ್ದು, ಬಿಲ್ಲು ಇದೆ ಎಂದು ಮಸೂದ ತೋರಿಸಿದ. ಮುದುಕನ ಮಾತಿಗೆ ಬೇಸರ ಮಾಡಿಕೊಳ್ಳದೆ ಶಾಂಭವಿಯ ಕಡೆ ನೋಡಿ ನಕ್ಕ. “ಕಾಕಾ, ಅಕ್ಕಗ ಗಾಡಿ ತಿಳೀತದ. ತಿಳದವ್ರ ಕೈಗೆ ಹೋಗ್ಲಿ ಅಂತ ನನಗೂ ಅದ. ಎಂಬತ್ತು ಕೊಡ್ರಿ. ಅದರ ಕೆಳಗ ಬ್ಯಾಡ್ರಿ.”

ಶಾಂಭವಿ ಅಪ್ಪನ ಅಂಗಿಯ ತುದಿ ಹಿಡಿದಳು. ಎಂಬತ್ತಕ್ಕೆ ಎರಡು ಸಾವಿರ ಕಡಿಮೆ ಬೀಳುತ್ತಿತ್ತು. ಚಂದ್ರಾಮಪ್ಪನ ಬನಿಯನ್ನಿನ ಒಳಜೇಬಿನಲ್ಲಿ ಹತ್ತು ಸಾವಿರ ಇತ್ತು. ಬೇಕಾದರೆ ಇರಲಿ ಎಂದು ಶಿವಕಾಂತಾಳೇ ಕೊಟ್ಟು ಕಳಿಸಿದ್ದಳು. ಆದರೆ ಮೊದಲ ಮಾತಿಗೆ ಒಪ್ಪಿದರೆ ದಲಾಲಿ ಯಾಕೆ ಬೇಕಿತ್ತು? ಅವನು ಟಾವೆಲ್ ಬಿಚ್ಚಿ ಬಲಗೈ ಮೇಲೆ ಹಾಕಿ, ಕೈ ಮುಂದೆ ಮಾಡಿದ. ಮಸೂದನಿಗೆ ಅದು ಏನೆಂದು ತಿಳಿಯಲಿಲ್ಲ. ಸೌದಾ ಆಯಿತೆಂದು ತಿಳಿದು ಟಾವೆಲ್ಲಿನ ಮೇಲಿನಿಂದಲೇ ಕೈ ಕುಲುಕಿದ. ಶಾಂಭವಿ ನಕ್ಕುಬಿಟ್ಟಳು. ವಜೀರುನ್ನಿಸಾಳೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆ ನಗು ಚಂದ್ರಾಮಪ್ಪನಿಗೆ ಚುಚ್ಚಿತು. ಟಾವೆಲ್ ಎಳೆದು ಹೆಗಲಿಗೆ ಹಾಕಿದ.

“ಅರವತ್ತೈದಕ್ಕ ಒಂದು ರೂಪಾಯಿ ಹೆಚ್ಚಿಲ್ಲ” ಅಂದ. “ಇದು ಬಿದ್ದೆದ್ದ ಗಾಡಿ. ಬಣ್ಣ ಬಳದು ನಿಲ್ಲಿಸೀದಿ. ಮಂದಿ ಮಗಳು ಸತ್ರ ನಿನಗೇನು?”

ಸಂತೆಯಲ್ಲಿ ಇದಕ್ಕಿಂತ ಕೆಟ್ಟ ಮಾತು ದಿನಕ್ಕೆ ಹತ್ತು ಸಲ ಬರುತ್ತದೆ. ಕೇಳಿದವನು, ‘ಹೋಗಲೇ, ನಿನ್ನ ಕಣ್ಣು ಬಿದ್ದೆದ್ದಾವು’ ಎಂದು ತಿರುಗಿ ಬೈದು ಬೆಲೆ ಇಳಿಸುತ್ತಾನೆ. ಮಸೂದ ಬೈಯಲಿಲ್ಲ. ಅವನ ಮುಖದ ನಗು ನಿಧಾನವಾಗಿ ಹೋಯಿತು. ನೆಲದ ಮೇಲಿದ್ದ ಚಾದರ ಎತ್ತಿ ಝಾಡಿಸಿದ. ಚಂದ್ರಾಮಪ್ಪ ಆಗಲೇ ಬೆನ್ನು ತಿರುಗಿಸಿ ನಡೆಯುತ್ತಿದ್ದ. ಮಗಳು ಒಮ್ಮೆ ಗಾಡಿ ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. ಅಪ್ಪನ ಆಟ ಅವಳಿಗೆ ಗೊತ್ತಿತ್ತು. ಗೊತ್ತಿತ್ತೆಂದೇ ಹಿಂದೆ ಹೋದಳು.

ಹತ್ತು ಹೆಜ್ಜೆಯಾಯಿತು. ಓಣಿಯ ಮೂಲೆಗೆ ಬಂದು ಚಂದ್ರಾಮಪ್ಪ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತೆಂದು ನಿಂತ. ಕಲ್ಲು ಇರಲಿಲ್ಲ. ಯಾರೂ ಕರೆಯಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಓಣಿಯ ಬಾಯಿ ಕಾಣುವ ಹಾಗೆ ಕುರ್ಚಿ ಹಾಕಿಕೊಂಡು ಕೂತು ಚಾ ಹೇಳಿದ. ಎರಡನೆಯ ಚಾ ಆದ ಮೇಲೆ ಶಾಂಭವಿ ತಿರುಗಿ ಹೋಗೋಣವೇ ಎಂದು ಕೇಳಿದಳು. ಹೋದರೆ ಸೋತ ಹಾಗೆ, ಅವನ ಫೋನ್ ಬರುತ್ತದೆ, ತಡಿ ಅಂದ. ನಾನೇ ಮಾಡಲೇ ಅಂದಳು. ಬೇಡ ಅಂದ. ಎರಡು ಬಸ್ಸು ಹೋದವು. ಅವಳು ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು, ಚಾ ಮುಟ್ಟಲಿಲ್ಲ. ಮೂರನೆಯ ಬಸ್ಸಿಗೆ ಹತ್ತಿದರು.

ಭೀಮಾ ಸೇತುವೆ ದಾಟುವಾಗ ಅವಳು ಕೇಳದೆಯೇ ಫೋನ್ ಮಾಡಿದಳು. ಅವನಿಗೆ ಅವಳ ಕಡೆಯ ಮಾತು ಮಾತ್ರ ಕೇಳಿಸಿತು. ಹೌದಾ, ಯಾವಾಗ, ಇರ್ಲಿ ಬಿಡ್ರಿ, ತಪ್ಪು ತಿಳ್ಕೋಬ್ಯಾಡ್ರಿ. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು. ಯಡ್ರಾಮಿಯ ಖಲೀಲ ಎಂಬವನು ಮೊದಲೇ ಕೇಳಿಟ್ಟಿದ್ದನಂತೆ. ಇವರು ಬರುತ್ತಾರೆಂದು ಮಸೂದ ಅವನನ್ನು ಎರಡು ದಿನ ತಡೆದಿದ್ದನಂತೆ. ಇವರು ಹೋದ ಮೇಲೆ ಅವನಿಗೆ ಹೂಂ ಅಂದನಂತೆ.

ಮನೆ ಮುಟ್ಟಿದ ಮೇಲೆ ಅವಳು ಅಂಗಳದಲ್ಲಿ ಚಪ್ಪಲಿ ಬಿಟ್ಟು, ಅಲ್ಲೇ ನಿಂತು, ತಂಪಾದ ದನಿಯಲ್ಲಿ ಕೇಳಿದಳು.

“ಅಪ್ಪಾ, ಒಂದ್ ಮಾತು ಖರೆ ಹೇಳು. ಸೌದಾ ಮುರೀಲಿ ಅಂತನ ಮುರದ್ಯೇನು?”

ಇಲ್ಲ ಅನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಒಳಗೆ ಹುಡುಕಿದರೆ ಆ ‘ಇಲ್ಲ’ ಗಟ್ಟಿಯಾಗಿ ಸಿಗಲಿಲ್ಲ. ಆಳಂದದವರು ಸಿಕ್ಕರು. ಗುಡುಸಾಬನ ಕುದುರೆ ಸಿಕ್ಕಿತು. ಹೆದ್ದಾರಿಯಲ್ಲಿ ಹೋಗುವ ಲಾರಿಗಳು ಸಿಕ್ಕವು. ತಾನು ಆಡಿದ್ದು ದಲಾಲಿಯ ಆಟವೋ, ಆಟದ ಮರೆಯಲ್ಲಿ ಇನ್ನೇನನ್ನಾದರೂ ಮಾಡಿದ್ದೋ, ಅವನಿಗೇ ಬಗೆಹರಿಯಲಿಲ್ಲ. ಒಂದು ಉಸಿರು ತಡವಾಯಿತು.

“ಇಲ್ಲಬೇ” ಅಂದ ಆಮೇಲೆ.

ಶಾಂಭವಿ ಆ ಉಸಿರನ್ನು ಕೇಳಿಸಿಕೊಂಡಿದ್ದಳು. ತಲೆ ಆಡಿಸಿ ಒಳಗೆ ಹೋದಳು. ಜಗಳ ಮಾಡಲಿಲ್ಲ, ಊಟ ಬಿಡಲಿಲ್ಲ. ಮರುದಿನ ನಸುಕಿನ ಬಸ್ಸಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೋದಳು.

ಆಳಂದದವರು ಬಂದರು. ಅವಲಕ್ಕಿ ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ ಅಂದು, ಮದುವೆಯಾದ ಮೇಲೆ ಊರೂರು ತಿರುಗುವ ಕೆಲಸ ಬಿಡಬೇಕಾಗುತ್ತದೆ ಅಂದರು. ಬಿಡುವುದಿಲ್ಲ ಎಂದು ಶಾಂಭವಿ ನೆಟ್ಟಗೆ ಹೇಳಿದಳು. ಅವರು ಚಾ ಕುಡಿದು ಎದ್ದು ಹೋದರು. ಅವರನ್ನು ಯಾರೂ ಕರೆಯಲಿಲ್ಲ. ಯಾರಿಗಾಗಿ ಅಂಗಳ ಖಾಲಿ ಇಟ್ಟಿದ್ದನೋ ಅವರ ಕಾರು ಅಂಗಳದಿಂದ ಹಿಂದೆ ಸರಿಯುವುದನ್ನು ಚಂದ್ರಾಮಪ್ಪ ಕಟ್ಟೆಯ ಮೇಲೆ ನಿಂತು ನೋಡಿದ.

ಅದಾಗಿ ಹದಿನೈದು ದಿನಕ್ಕೆ, ಒಂದು ಸಂಜೆ, ಬೂದು ಬಣ್ಣದ ಸ್ಕೂಟಿಯೊಂದು ಮನೆ ಮುಂದೆ ಬಂದು ನಿಂತಿತು. ಶಾಂಭವಿ ಲ್ಯಾಬಿನ ಗೆಳತಿ ಸಪ್ನಾಳನ್ನು ಕರೆದುಕೊಂಡು ಕಲಬುರಗಿಗೆ ಹೋಗಿ, ಅಂಗಡಿಯವನು ಹೇಳಿದಷ್ಟು ಕೊಟ್ಟು ತಂದಿದ್ದಳು. ಶಿವಕಾಂತಾ ಅರಿಶಿನ ಕುಂಕುಮ ಹಚ್ಚಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಚಂದ್ರಾಮಪ್ಪ ಒಂದು ಸುತ್ತು ಸುತ್ತಿದ. ಏನಾದರೂ ಐಬು ಹೇಳಬೇಕೆಂದು ಮಗಳೂ ಹೆಂಡತಿಯೂ ಕಾದರು. ಅವನಿಗೆ ಧೈರ್ಯವಾಗಲಿಲ್ಲ.

“ಚಲೋ ಅದ” ಅಂದ.

ಸಪ್ನಾ ಹಲ್ಲು ಬಿಟ್ಟು ನಕ್ಕಳು. ಶಾಂಭವಿ ನಗಲಿಲ್ಲ. ಅಪ್ಪನ ಮುಖ ನೋಡಿ, ಇದರಲ್ಲಿ ಏನಾದರೂ ಕೆಟ್ಟಿದೆಯೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ನಿಜವಾಗಿ ಚೆನ್ನಾಗಿದೆ ಎಂದು ಅವನು ಎರಡು ಸಲ ಹೇಳಿದ. ಹೇಳಿದಷ್ಟೂ ಅದು ಸುಳ್ಳಿನಂತೆ ಕೇಳಿಸಿತು.

ಚಂದ್ರಾಮಪ್ಪ ಇದನ್ನೆಲ್ಲ ಹೇಳಿಕೊಂಡದ್ದು ಗುಡುಸಾಬನ ಮುಂದೆ. ಟಾವೆಲ್ಲಿನ ಮೇಲಿನಿಂದ ಕೈ ಕುಲುಕಿದ ಕತೆಗೆ ಗುಡುಸಾಬ ಚಾ ಚೆಲ್ಲುವಷ್ಟು ನಕ್ಕ. ಬಿದ್ದೆದ್ದ ಗಾಡಿ ಅಂದೆ ಎನ್ನುವಲ್ಲಿಗೆ ಬಂದಾಗ ನಗು ನಿಲ್ಲಿಸಿದ.

“ಲೇ ಚಂದ್ರಾಮ, ಸಂತ್ಯಾಗ ನೀ ಬೈದ್ರ ನಾ ಬೈತೀನಿ. ಇಬ್ಬರಿಗೂ ಆಟ ಗೊತ್ತದ” ಅಂದ. “ಆ ಹುಡುಗಗ ಏನ್ ಗೊತ್ತದ? ಆಟ ತಿಳೀದವನ ಜೋಡಿ ಆಡಿದ್ರ ಅದು ಆಟ ಅಲ್ಲ, ಖರೇನೇ ಬೈಗುಳ. ಹೋಗು, ಅವನ ಮನಿಗಿ ಹೋಗಿ ಬಾ.”

ಹೋಗಲು ಒಂದು ತಿಂಗಳು ಬೇಕಾಯಿತು. ಜೇವರ್ಗಿಯಲ್ಲಿ ಮಸೂದ ಮನೆಯಲ್ಲಿರಲಿಲ್ಲ, ಅಂಗಡಿಗೆ ಹೋಗಿದ್ದ. ವಜೀರುನ್ನಿಸಾ ಗುರುತು ಹಿಡಿದು ಕುರ್ಚಿ ಹಾಕಿ ಕೂರಿಸಿದಳು. ಮಗನ ಗಾಡಿಗೆ ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದು ಚಂದ್ರಾಮಪ್ಪ ನೆಲ ನೋಡುತ್ತ ಹೇಳಿದ. ಐದು ವರ್ಷದಲ್ಲಿ ಆ ಗಾಡಿ ಒಂದು ಸಲವೂ ನೆಲಕ್ಕೆ ಬಿದ್ದಿಲ್ಲ, ಹೊಸ ಅಂಗಿಯಿಂದ ಒರೆಸುತ್ತಾನೆಂದು ನಾನು ದಿನಾ ಬೈಯುತ್ತಿದ್ದೆ ಎಂದು ಅವಳು ಹೇಳಿದಳು.

“ಗೊತ್ತಿತ್ತು ತಂಗಿ. ನೋಡಿದ ಕೂಡ್ಲೇ ಗೊತ್ತಾಗಿತ್ತು.”

“ಹಂಗಾದ್ರ ಹೇಳಬೇಕಿತ್ತಲ್ಲಣ್ಣಾ” ಅಂದಳು ಅವಳು, ತೀರ ಸಹಜವಾಗಿ, ಚಾ ಬಸಿಯುತ್ತ. “ಒಂದ್ ಮಾತು ಹೇಳಿದ್ರ ಏನ್ ಹೋಗ್ತಿತ್ತು? ನನ ಮಗ ನಿಮ್ ಹುಡುಗಿಗೇ ಕೊಡಬೇಕಂತಿದ್ದ. ಒಂದೆರಡು ಸಾವಿರಕ್ಕ ನಿಂತಿದ್ರ ಅದನ್ನೂ ಬಿಡತಿದ್ದ.”

ಚಂದ್ರಾಮಪ್ಪ ಚಾದ ಬಸಿ ಕೆಳಗಿಟ್ಟ. ಯಡ್ರಾಮಿಯ ಖಲೀಲನ ವಿಳಾಸ ಬರೆಸಿಕೊಂಡು ಎದ್ದ.

ಯಡ್ರಾಮಿಗೆ ಬಸ್ಸು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಖಲೀಲನದು ಕಟ್ಟಡ ಸಾಮಾನಿನ ಅಂಗಡಿ. ಮುಂದೆ ಸಿಮೆಂಟಿನ ಧೂಳಿನಲ್ಲಿ ನೀಲಿ ಗಾಡಿ ನಿಂತಿತ್ತು. ಸೀಟಿನ ಮೇಲೆ ಯಾರೋ ಖಾಲಿ ಚೀಲ ಎಸೆದಿದ್ದರು. ಚಂದ್ರಾಮಪ್ಪ ಚೀಲ ತೆಗೆದು ಕೆಳಗಿಟ್ಟು, ಟಾವೆಲ್ಲಿನಿಂದ ಟ್ಯಾಂಕು ಒರೆಸಿದ. ಅಂಗಡಿಯೊಳಗಿಂದ ಖಲೀಲ ಹೊರಗೆ ಬಂದು, ಯಾರು ಬೇಕಿತ್ತು ಎಂದು ಕೇಳಿದ.

ಚಂದ್ರಾಮಪ್ಪ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ. ಈ ಗಾಡಿ ಬಹಳ ಚೆನ್ನಾಗಿದೆ, ನನ್ನ ಮಗಳಿಗೆ ಇದು ಬೇಕು, ನೀವು ಏನು ಹೇಳುತ್ತೀರೋ ಕೊಡುತ್ತೇನೆ ಅಂದ. ಹೀಗೆ ಕೇಳುವವನನ್ನು ಕಂಡು ಖಲೀಲ ಮೊದಲು ಹಿಂದೆ ಸರಿದ, ಇದರಲ್ಲಿ ಏನೋ ಮಸಲತ್ತು ಇರಬೇಕೆಂದು ಮಸೂದನಿಗೆ ಫೋನ್ ಹಚ್ಚಿ ವಿಚಾರಿಸಿದ. ಮಸೂದ ಏನು ಹೇಳಿದನೋ ತಿಳಿಯದು. ಫೋನ್ ಇಟ್ಟ ಮೇಲೆ ಖಲೀಲನ ದನಿ ಮೆತ್ತಗಾಗಿತ್ತು. ನನಗೂ ಇದು ಅಂಗಡಿ ಕೆಲಸಕ್ಕೆ ಒಗ್ಗುತ್ತಿಲ್ಲ, ತೊಂಬತ್ತು ಕೊಡಿ ಅಂದ. ಚಂದ್ರಾಮಪ್ಪ ಆಯಿತು ಅಂದ. ಮಗಳ ಮದುವೆಗೆಂದು ಇಟ್ಟದ್ದರಲ್ಲಿ ತೆಗೆದರಾಯಿತು. ಆ ಮದುವೆಯ ಮಾತೇ ಇದನ್ನು ತಿಂದಿತ್ತಲ್ಲ.

ಅಂಗಡಿಯ ನೆರಳಿಗೆ ನಿಂತು ಮಗಳಿಗೆ ಫೋನ್ ಮಾಡಿದ. ಅವಳು ಯಾವುದೋ ಹಳ್ಳಿಯಲ್ಲಿದ್ದಳು. ಹಿಂದೆ ಕೂಸು ಅಳುವುದು ಕೇಳಿಸುತ್ತಿತ್ತು. ಯಡ್ರಾಮಿಗೆ ಬಂದಿದ್ದೇನೆ, ನೀಲಿ ಗಾಡಿ ಸಿಕ್ಕಿದೆ, ಮಾತಾಗಿದೆ, ನಾಳೆ ಬಂದು ನೀನೇ ಹೊಡೆದುಕೊಂಡು ಹೋಗು ಎಂದು ಒಂದೇ ಉಸಿರಿಗೆ ಹೇಳಿದ. ಅತ್ತ ಕಡೆ ಕೂಸಿನ ಅಳು ದೂರವಾಯಿತು. ಅವಳು ಹೊರಗೆ ಬಂದಿರಬೇಕು.

“ಬ್ಯಾಡಪ್ಪಾ” ಅಂದಳು.

“ಯಾಕಬೇ? ರೊಕ್ಕದ ಚಿಂತಿ ಮಾಡಬ್ಯಾಡ. ಗಾಡಿ ಹಂಗ ಅದ, ಒಂದ್ ಕೂದಲೆಳಿ ಕೆಟ್ಟಿಲ್ಲ. ಆವತ್ತ ನಾ ಹೇಳಿದ್ದು ಸುಳ್ಳು.”

“ಗೊತ್ತದ.”

“ಮತ್ತ?”

“ಆವತ್ತ ಬೇಕಾಗಿತ್ತಪ್ಪಾ. ಈಗ ಬ್ಯಾಡನಸ್ತದ. ಖರೇನ ಬ್ಯಾಡ.”

ಅವನು ಅವಳ ದನಿಯಲ್ಲಿ ಸಿಟ್ಟು ಹುಡುಕಿದ. ಸಿಟ್ಟಿದ್ದರೆ ದಾರಿಯಿತ್ತು. ಸಿಟ್ಟಿಗೆದ್ದವರ ಜೊತೆ ಎರಡು ಮಾತು ಹೆಚ್ಚು ಕಡಿಮೆ ಮಾಡಿ ಕೂರಿಸಿಕೊಳ್ಳುವುದನ್ನು ನಲವತ್ತು ವರ್ಷ ಮಾಡಿದ್ದ. ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಕೆಲಸದ ನಡುವೆ ಫೋನ್ ಎತ್ತಿದ, ದಣಿದ, ಅಪ್ಪನ ಮೇಲೆ ಪ್ರೀತಿಯೇ ಇದ್ದ ಹೆಣ್ಣುಮಗಳ ದನಿ ಅದು. ಏಳು ವರ್ಷ ಕಾಯ್ದಿಟ್ಟುಕೊಂಡ ಆಸೆ ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿತು. ಎಲ್ಲಿ ಹೋಯಿತೆಂದು ಅವನಿಗೆ ಗೊತ್ತಿತ್ತು.

“ಊಟ ಮಾಡೀಯೇನು?” ಎಂದು ಅವಳು ಕೇಳಿದಳು.

“ಇನ್ನಾ ಇಲ್ಲ.”

“ಮದಲ ಊಟ ಮಾಡು. ಬಿಸಿಲಾಗ ತಿರಗಬ್ಯಾಡ. ಇಡ್ತೀನಿ, ಇಲ್ಲಿ ಮಂದಿ ಕಾಯಾಕತ್ತಾರ.”

ಖಲೀಲ ಗಾಡಿಯ ಕಾಗದಪತ್ರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಗಾಡಿಯಲ್ಲಿ ಏನು ಐಬು ಕಂಡಿತು ಎಂದು ಕೇಳಿದ. ಗಾಡಿಯಲ್ಲಿ ಐಬಿಲ್ಲ, ನಿಮಗೆ ತೊಂದರೆ ಕೊಟ್ಟೆ ಎಂದು ಚಂದ್ರಾಮಪ್ಪ ಕೈ ಮುಗಿದ. ಬಿಸಿಲಲ್ಲಿ ರಸ್ತೆ ದಾಟಿ, ಕೇಳಿಕೊಂಡು ಹೋಗಿ ಒಂದು ಖಾನಾವಳಿಯಲ್ಲಿ ಕೂತ. ಎರಡು ರೊಟ್ಟಿ, ಪುಂಡಿಪಲ್ಲೆ ತಂದಿಟ್ಟರು. ನೀರು ಕುಡಿದು ಕುಡಿದು ಎರಡನ್ನೂ ತಿಂದು ಮುಗಿಸಿದ. ಮಗಳು ಅವನಿಗೆ ಮಾಡು ಎಂದು ಹೇಳಿದ್ದು ಈಗ ಅದೊಂದೇ ಇತ್ತು.